ಎಂಟೂಕಾಲಿಗೆ ಮನೆ ಕೆಟ್ಟು ನಿಂತರೆ: ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ದೋಷ ನಿವಾರಣೆ ಕೈಪಿಡಿ

ಮೈಸೂರಿನ ಕುವೆಂಪುನಗರದಲ್ಲಿ ಮನೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಎಲ್‌ಕೆಜಿಗೆ ಹೋಗುವ ಮಗಳು, ಈಗಷ್ಟೇ ಓಡಲು ಕಲಿತ ಮಗ. ಇಷ್ಟಿದ್ದ ಮೇಲೆ ದಿನಾ ಏನಾದರೊಂದು ಕೆಡುತ್ತದೆ. ಕೆಟ್ಟ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ, "ಅಮ್ಮ ಎಲ್ಲಿ?" ಶೂ ಸಿಗದಿದ್ದರೂ ಅಮ್ಮ, ಟ್ಯಾಂಕಿನಲ್ಲಿ ನೀರು ಖಾಲಿಯಾದರೂ ಅಮ್ಮ, ಗೊಂಬೆಯ ಕೈ ಕಿತ್ತು ಬಂದರೂ ಅಮ್ಮ. ಇದನ್ನೇ ಕೇಳಿ ಕೇಳಿ, ದೋಷ ನಮ್ಮಲ್ಲೇ ಇರಬೇಕು ಅಂತ ನಮಗೂ ಅನಿಸಿಬಿಡುತ್ತದೆ.

ಖಂಡಿತ ಇಲ್ಲ. ಮನೆಯ ಎಲ್ಲ ವೈರನ್ನೂ ತಂದು ಒಂದೇ ಸ್ವಿಚ್ಚಿಗೆ ಸೇರಿಸಿದರೆ ಆ ಸ್ವಿಚ್ಚು ಬಿಸಿಯಾಗುತ್ತದೆ. ಆಗ ನೋಡಬೇಕಾದ್ದು ವೈರಿಂಗನ್ನು. ನಾನು ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದವಳು. ಯಂತ್ರ ನಿಂತರೆ ಆಪರೇಟರನ್ನು ಬೈಯುವ ಮೊದಲು ಕಾರಣ ಹುಡುಕು ಅನ್ನುವುದು ನಮ್ಮಲ್ಲಿ ಮೊದಲ ಪಾಠ. ಮನೆಗೂ ಅದೇ ಕ್ರಮ ಹಾಕಿ ನೋಡಿದೆ, ತುಂಬಾ ಉಪಯೋಗ ಆಯಿತು. ಆರು ವರ್ಷದೊಳಗಿನ ಮಕ್ಕಳನ್ನೂ ಕೆಲಸವನ್ನೂ ಒಟ್ಟಿಗೆ ಸಾಗಿಸುತ್ತಿರುವ ಎಲ್ಲ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪಂದಿರೂ ಓದಬೇಕು, ಅವರಿಗೆ ಇಲ್ಲಿ ಕೆಲಸ ಇದೆ.

ಏನನ್ನೇ ಬಿಚ್ಚುವ ಮೊದಲು

ಮಗು ಕಾರಣ ಇಲ್ಲದೆ ಕಿರುಚುತ್ತಿದೆ ಅನಿಸಿದರೆ ಮೂರೇ ಪ್ರಶ್ನೆ. ಹೊಟ್ಟೆ ಹಸಿದಿದೆಯಾ? ನಿದ್ದೆ ಬಂದಿದೆಯಾ? ಸುಸು ಬಂದಿದೆಯಾ? ಹೆಚ್ಚಿನ ಕೇಸುಗಳು ಇಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಅದೇ ಮೂರು ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಎದ್ದು, ಹನ್ನೊಂದರವರೆಗೆ ಬರೀ ಕಾಫಿಯಲ್ಲಿ ಇರುವವರಿಗೆ ಸಣ್ಣ ಶಬ್ದವೂ ದೊಡ್ಡದಾಗಿ ಕೇಳಿಸುತ್ತದೆ. ಎರಡು ಇಡ್ಲಿ ತಿಂದು ಬಂದು ಮತ್ತೆ ನೋಡಿ.

ಕೆಲವು ಸಂಗತಿಗಳು ದೋಷವೇ ಅಲ್ಲ, ಅದು ಆ ವಯಸ್ಸಿನ ಸಹಜ ಸ್ಥಿತಿ. ಉದಾಹರಣೆಗೆ ಬಾಳೆಹಣ್ಣು. ಸುಲಿಯುವಾಗ ಮುರಿಯಿತು ಅಂತ ನನ್ನ ಮಗಳು ಅಡುಗೆಮನೆ ನೆಲದ ಮೇಲೆ ಮಲಗಿ ಅತ್ತಳು. "ಮತ್ತೆ ಅಂಟಿಸು" ಅಂತ ಹಠ. ಅಂಟಿಸಲು ಆಗುವುದಿಲ್ಲ. ಇನ್ನೊಂದು ಹಣ್ಣು ಕೊಡಿ, ಸುಲಿಯುವ ಕೆಲಸವನ್ನು ಅವರಿಗೇ ಬಿಡಿ. ಅವರೇ ಮುರಿದರೆ ಅದು ತಪ್ಪಲ್ಲ, ನಾವು ಮುರಿದರೆ ಮಾತ್ರ ತಪ್ಪು. ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ, ಆಫೀಸಿಗೆ ಲೇಟಾಗುತ್ತದೆ.

ಲಕ್ಷಣ: ಎಂಟೂಕಾಲಿಗೆ ವ್ಯಾನ್ ಹಾರ್ನ್ ಹೊಡೆಯುತ್ತಿದೆ, ಒಂದು ಶೂ ಇಲ್ಲ

ಇದು ಎಲ್ಲ ಮನೆಯಲ್ಲೂ ಬರುವ ದೋಷ. ಹೆಚ್ಚಿನವರು ಇದನ್ನು ಎಂಟೂಕಾಲಿಗೆ ಹುಡುಕುತ್ತಾರೆ, ಆಗ ಸಿಗುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ಟೊಯೊಟಾ ಕಾರ್ಖಾನೆಗಳಿಂದ ಬಂದದ್ದು. ಏನಾದರೂ ಕೆಟ್ಟರೆ "ಯಾಕೆ" ಅಂತ ಐದು ಸಲ ಕೇಳುವುದು. ಮನೆಯಲ್ಲಿ ನಾಲ್ಕು ವರ್ಷದ ಮಗು ಇದ್ದರೆ ಇದಕ್ಕೆ ಬೇರೆ ತರಬೇತಿ ಬೇಡ, ಅವರು ಐದಕ್ಕೆ ನಿಲ್ಲಿಸುವುದೂ ಇಲ್ಲ.

ನಮ್ಮನೆ ಕೇಸು ಹೀಗಿತ್ತು. ವ್ಯಾನ್ ತಪ್ಪಿತು. ಯಾಕೆ? ಎಡಗಾಲಿನ ಶೂ ಇಲ್ಲ. ಯಾಕೆ? ಚಿಕ್ಕವನು ಅದನ್ನು ವಾಷಿಂಗ್ ಮಷೀನಿನೊಳಗೆ ಹಾಕಿ ಬಾಗಿಲು ಮುಚ್ಚಿದ್ದಾನೆ. ಯಾಕೆ? ರಾತ್ರಿಯಿಂದ ಶೂ ನೆಲದ ಮೇಲೇ ಇತ್ತು. ಯಾಕೆ? ಸಂಜೆ ಪಾರ್ಕಿನಿಂದ ಬಂದಾಗ ಬಾಗಿಲಲ್ಲಿ ಬಿಚ್ಚಿದ್ದು, ಎತ್ತಿಡುವವರು ಯಾರೂ ಇರಲಿಲ್ಲ. ಯಾಕೆ? ಸಂಜೆ ಏಳರಿಂದ ಎಂಟರೊಳಗೆ ಅಡುಗೆ, ಊಟ ಮಾಡಿಸುವುದು, ಬ್ಯಾಗು, ಯೂನಿಫಾರ್ಮು, ಶೂ ಎಲ್ಲವೂ ಒಬ್ಬರ ಮೇಲೇ ಇತ್ತು. ನೋಡಿ, ಬೆಳಿಗ್ಗೆಯ ದೋಷ ಸಿಕ್ಕಿದ್ದು ಹಿಂದಿನ ಸಂಜೆಯಲ್ಲಿ. ಈಗ ಬಾಗಿಲ ಪಕ್ಕ, ಚಿಕ್ಕವನ ಕೈಗೆ ಎಟುಕದ ಎತ್ತರದಲ್ಲಿ, ಒಂದು ಬುಟ್ಟಿ ನೇತುಹಾಕಿದ್ದೇವೆ. ಶೂ, ಸಾಕ್ಸು, ಐಡಿ ಕಾರ್ಡು, ಗಾಡಿ ಕೀ, ನಾಲ್ಕೂ ಅಲ್ಲೇ. ಅದನ್ನು ತುಂಬಿಸುವುದು ನನ್ನ ಗಂಡನ ಕೆಲಸ. ಪೂರ್ತಿ ಅವರದ್ದೇ. ನಾನು ನೆನಪಿಸುವುದೂ ಇಲ್ಲ. ನೆನಪಿಸುವುದೂ ಒಂದು ಕೆಲಸವೇ ಅಲ್ವಾ, ಅದನ್ನು ನಾವೇ ಇಟ್ಟುಕೊಂಡರೆ ವೈರು ಅಲ್ಲೇ ಉಳಿದ ಹಾಗೆ.

ಬೆಳಿಗ್ಗೆ ಮಗು ಏಳುವುದೇ ಇಲ್ಲ ಅನ್ನುವವರು ಗಡಿಯಾರವನ್ನು ಹಿಂದಕ್ಕೆ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 3 ಮತ್ತು 4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, 1 ಮತ್ತು 2 ವರ್ಷದವರಿಗೆ 11ರಿಂದ 14 ಗಂಟೆ, ಹಗಲಿನ ನಿದ್ದೆಯೂ ಸೇರಿ. ಮಧ್ಯಾಹ್ನ ಮಲಗದ ಮಗು ಆರೂವರೆಗೆ ಏಳಬೇಕಾದರೆ ಎಂಟೂವರೆಗೆ ಕಣ್ಣು ಮುಚ್ಚಿರಬೇಕು. ಒಂಬತ್ತೂವರೆಗೆ ಅಪ್ಪ ಬಂದು ಮಂಚದ ಮೇಲೆ ಕುದುರೆ ಆಟ ಆಡಿಸಿದರೆ ಬೆಳಿಗ್ಗೆ ವ್ಯಾನ್ ಸಿಗುವುದಿಲ್ಲ. ಕುದುರೆ ಆಟವನ್ನು ಏಳು ಗಂಟೆಗೆ ಹಾಕಿ, ಬಿಡಬೇಡಿ, ಅದು ಮಕ್ಕಳಿಗೆ ಬಹಳ ಇಷ್ಟ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಏಳುವ ಸಮಯ, ತಿಂಡಿ, ಸ್ನಾನದ ಹೊತ್ತು ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಲಕ್ಷಣ: ರಾತ್ರಿ ಒಂಬತ್ತಕ್ಕೆ "ಅಮ್ಮ, ನಾಳೆ ನಾನು ಓಬವ್ವ"

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಮಧ್ಯಾಹ್ನವೇ ಬಂದಿರುತ್ತದೆ. ಅದರ ಮೇಲೆ "ಓಕೆ ಮ್ಯಾಮ್", "ಥ್ಯಾಂಕ್ಯೂ ಮ್ಯಾಮ್" ಅಂತ ಅರವತ್ತು ಮೆಸೇಜು ಬಿದ್ದಿರುತ್ತವೆ. ನಿಮ್ಮ ಫೋನು ಲಾಕರಿನಲ್ಲಿ ಇರುತ್ತದೆ. ಪರಿಹಾರ ಎರಡು. ಅಪ್ಪನ ನಂಬರನ್ನೂ ಗುಂಪಿಗೆ ಸೇರಿಸಿ, ಒಬ್ಬರು ಸೋಮ-ಬುಧ-ಶುಕ್ರ, ಇನ್ನೊಬ್ಬರು ಉಳಿದ ದಿನ ಓದಿ. ಇನ್ನೊಂದು, ಟೀಚರ್ ಹತ್ತಿರ ಮಾತಾಡಿ, ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜು ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿ ಅಂತ ಕೇಳಿ. ಅವರಿಗೂ ಅದರಿಂದ ನೆಮ್ಮದಿ.

ತುರ್ತು ಪರಿಹಾರ: ಓಬವ್ವನಿಗೆ ಒನಕೆ ಬೇಕು, ಮಿಕ್ಸಿ ಇರುವ ಮನೆಯಲ್ಲಿ ಒನಕೆ ಇರುವುದಿಲ್ಲ. ಬಟ್ಟೆ ಅಂಗಡಿಯವರು ಥಾನು ಸುತ್ತುವ ರಟ್ಟಿನ ಕೊಳವೆಯನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ, ಒಂದನ್ನು ಮುಂಚೆಯೇ ತಂದು ಅಟ್ಟದಲ್ಲಿ ಇಡಿ. ಕಂದು ಕಾಗದ ಸುತ್ತಿದರೆ ಒನಕೆ, ಬೆಳ್ಳಿ ಕಾಗದ ಸುತ್ತಿದರೆ ಗದೆಯ ಹಿಡಿ. ಹಗುರ ಆಗಿರುವುದು ಮುಖ್ಯ. ನನ್ನ ಮಗಳು ವೇದಿಕೆ ಹತ್ತಿ "ಹೈದರಾಲಿ ಸೈನಿಕರು ಎಲ್ಲಿ?" ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಟೊಮ್ಯಾಟೊ ವೇಷ ಹಾಕಿ ನಿಂತಿದ್ದ ಹುಡುಗನ ತಲೆಗೆ ಒಂದು ಕೊಟ್ಟಳು. ರಟ್ಟಿನ ಒನಕೆ ಆದ್ದರಿಂದ ಟೊಮ್ಯಾಟೊ ನಗುತ್ತಾ ನಿಂತಿತ್ತು. ಇಬ್ಬರಿಗೂ ಬಹುಮಾನ ಬಂತು.

ಲಕ್ಷಣ: ಲ್ಯಾಪ್‌ಟಾಪ್ ತಲೆಕೆಳಗಾಗಿದೆ, ಅಥವಾ ತಾನೇ ಮಾತಾಡುತ್ತಿದೆ

ಮನೆಯಿಂದ ಕೆಲಸ ಮಾಡುವ ದಿನ ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಇದು ಆಗುತ್ತದೆ. ಪುಟ್ಟ ಕೈ ಎರಡೂ ಅಂಗೈಯಲ್ಲಿ ಕೀಬೋರ್ಡು ಬಡಿದರೆ ದೊಡ್ಡವರು ವರ್ಷಗಟ್ಟಲೆ ಒತ್ತದ ಕೀಗಳು ಒಟ್ಟಿಗೆ ಒತ್ತಿಹೋಗುತ್ತವೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನನಗೆ ಕಂಡ ಪ್ರಕಾರ ಹೀಗೆ ಹುಡುಕಿ.

ಪರದೆ ತಲೆಕೆಳಗಾಗಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಮೇಲ್ಮುಖ ಬಾಣದ ಕೀಗಳನ್ನು ಒಟ್ಟಿಗೆ ಒತ್ತಿ. ಎಲ್ಲ ಲ್ಯಾಪ್‌ಟಾಪಿನಲ್ಲೂ ಇದು ನಡೆಯುವುದಿಲ್ಲ. ನಡೆಯದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಓರಿಯೆಂಟೇಶನ್ ಅನ್ನುವಲ್ಲಿ ಲ್ಯಾಂಡ್‌ಸ್ಕೇಪ್ ಆರಿಸಿ. ಮೌಸು ಉಲ್ಟಾ ಓಡುತ್ತದೆ, ಗಾಬರಿಯಾಗಬೇಡಿ, ಲ್ಯಾಪ್‌ಟಾಪನ್ನೇ ತಿರುಗಿಸಿ ಹಿಡಿದುಕೊಳ್ಳಿ. ಇದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆ ಎರಡು ನಿಮಿಷ ಸುಮ್ಮನಿರುತ್ತಾರೆ.

ಒಂದು ಹೆಂಗಸಿನ ದನಿ ಪರದೆಯ ಮೇಲಿರುವುದನ್ನೆಲ್ಲ ಓದುತ್ತಿದ್ದರೆ ನ್ಯಾರೇಟರ್ ಶುರುವಾಗಿದೆ. ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ನನ್ನ ಮಗ ಆ ದನಿಗೆ "ಅಜ್ಜಿ" ಅಂತ ಹೆಸರಿಟ್ಟಿದ್ದಾನೆ. ಎಲ್ಲ ಅಕ್ಷರವೂ ದೊಡ್ಡದಾಗಿ ಕಂಡರೆ ಮ್ಯಾಗ್ನಿಫೈಯರ್, ವಿಂಡೋಸ್ ಮತ್ತು ಎಸ್ಕೇಪ್ ಒತ್ತಿ.

ಕೀಬೋರ್ಡು ಸತ್ತೇ ಹೋಗಿದೆ, ಬೆರಳು ತುಂಬ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತಿದೆ ಅಂದರೆ ಅದು ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಹಿಡಿದರೆ ಆನ್ ಆಗುತ್ತದೆ, ಮತ್ತೆ 8 ಸೆಕೆಂಡು ಹಿಡಿದರೆ ಆಫ್. ಈ ಒಂದು ವಿಷಯ ತಿಳಿದಿದ್ದರೆ ಕೀಬೋರ್ಡು ಬದಲಿಸುವ ಖರ್ಚು ಉಳಿಯುತ್ತದೆ. ಶಿಫ್ಟನ್ನು 5 ಸಲ ಬಡಿದರೆ ಸ್ಟಿಕಿ ಕೀಸ್, ಅಂದರೆ ಶಿಫ್ಟ್, ಕಂಟ್ರೋಲ್ ಕೀಗಳು ಬೆರಳು ತೆಗೆದ ಮೇಲೂ ಒತ್ತಿದ ಹಾಗೇ ಇರುತ್ತವೆ, ಅದನ್ನೂ ಹಾಗೇ 5 ಸಲ ಒತ್ತಿ ತೆಗೆಯಬಹುದು. ಅಕ್ಷರದ ಬದಲು ಅಂಕಿ ಬರುತ್ತಿದ್ದರೆ ನಮ್ ಲಾಕ್ (Num Lock) ಕೀ ಒತ್ತಿಹೋಗಿದೆ. ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲವಾದರೆ ಕ್ಯಾಪ್ಸ್ ಲಾಕ್. ವೈಫೈ ಹೋಗಿದ್ದರೆ ರೂಟರಿನ ಹತ್ತಿರ ಓಡಬೇಡಿ, ವಿಮಾನದ ಚಿತ್ರ ಇರುವ ಕೀ ಒತ್ತಿಹೋಗಿರುತ್ತದೆ. ಕ್ಯಾಮೆರಾ ಕಪ್ಪಾಗಿದ್ದರೆ ಮೇಲಿನ ಪುಟ್ಟ ಮುಚ್ಚಳ ನೋಡಿ. ನಮ್ಮಲ್ಲಿ ಮುಚ್ಚಳ ತೆರೆದೇ ಇತ್ತು, ಅದರ ಮೇಲೆ ಗುಲಾಬಿ ಹೂವಿನ ಸ್ಟಿಕ್ಕರ್ ಅಂಟಿಸಲಾಗಿತ್ತು.

ಹಾಲು ಚೆಲ್ಲಿದ್ದರೆ ಮಾತ್ರ ಕ್ರಮ ಬೇರೆ. ಮೊದಲು ಚಾರ್ಜರ್ ಕಿತ್ತುಹಾಕಿ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಕೀಬೋರ್ಡು ಕೆಳಮುಖ ಆಗುವ ಹಾಗೆ ಟೇಬಲ್ಲಿನ ಅಂಚಿನಲ್ಲಿ ಮಗುಚಿ ಇಡಿ. ಹೇರ್ ಡ್ರೈಯರ್ ಬೇಡ, ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಧೂಳು ಒಳಗೆ ಹೋಗುತ್ತದೆ. ನೀರಿಗಿಂತ ಹಾಲು ಜಾಸ್ತಿ ತೊಂದರೆ, ಒಣಗಿದ ಮೇಲೂ ಸಕ್ಕರೆ ಮತ್ತು ಕೊಬ್ಬಿನ ಅಂಶ ಒಳಗೆ ಉಳಿಯುತ್ತದೆ. ಆದ್ದರಿಂದ ಆನ್ ಮಾಡಿ ನೋಡದೆ ಆಫೀಸಿನ ಐಟಿಯವರಿಗೆ ಕೊಡಿ. ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಅವರಿಗೆ ಹಾಲು ಅಂತ ಗೊತ್ತಾದರೆ ಬೇಗ ಸರಿ ಮಾಡುತ್ತಾರೆ.

ತಡೆಯುವ ದಾರಿ ಒಂದೇ. ಏಳುವಾಗ ವಿಂಡೋಸ್ ಮತ್ತು ಎಲ್ ಒತ್ತಿ ಲಾಕ್ ಮಾಡಿ. ಈ ಅಭ್ಯಾಸ ಬಂದರೆ ಅರ್ಧ ಬರೆದ ಮೇಲ್ ಒಂದು "ಗಗಗಗಗ" ಅನ್ನುವ ಕೊನೆ ಸಾಲಿನೊಂದಿಗೆ ಯಾರಿಗೂ ಹೋಗುವುದಿಲ್ಲ.

ಲಕ್ಷಣ: ಮೀಟಿಂಗ್ ಶುರುವಾದ ತಕ್ಷಣ ಮಗು ಬರುತ್ತದೆ

ಇಡೀ ಬೆಳಿಗ್ಗೆ ತನ್ನ ಪಾಡಿಗೆ ಆಡುವ ಮಗು ಮೀಟಿಂಗಿಗೇ ಸರಿಯಾಗಿ ಹೇಗೆ ಬರುತ್ತದೆ? ನಾನು ಗಮನಿಸಿದ್ದು ಇಷ್ಟು. ಕರೆ ಬಂದ ಕೂಡಲೇ ನಮ್ಮ ದನಿ ಬದಲಾಗುತ್ತದೆ, ಮುಖ ಬೇರೆ ಕಡೆ ತಿರುಗುತ್ತದೆ, ಬಾಗಿಲು ಮುಚ್ಚುತ್ತದೆ. ಅಮ್ಮ ಇಲ್ಲೇ ಇದ್ದಾಳೆ ಆದರೆ ನನ್ನ ಜೊತೆ ಇಲ್ಲ ಅಂತ ಮಗುವಿಗೆ ಆ ಕ್ಷಣಕ್ಕೆ ಗೊತ್ತಾಗುತ್ತದೆ. ನೋಡಲು ಬರುತ್ತದೆ.

ಹಾಗಾಗಿ ಮೀಟಿಂಗಿಗೆ ಮೊದಲ ಹತ್ತು ನಿಮಿಷ ಪೂರ್ತಿ ಅವರಿಗೆ ಕೊಡಿ. ನೆಲದ ಮೇಲೆ ಕೂತು, ಫೋನು ದೂರ ಇಟ್ಟು, ಅವರು ಹೇಳಿದ ಆಟ. ಆಮೇಲೆ ಒಂದು ಸುಸು, ಒಂದು ಚಕ್ಕುಲಿ. ಚಕ್ಕುಲಿ ಚೆನ್ನಾಗಿ ಕೆಲಸ ಮಾಡುತ್ತದೆ, ದೊಡ್ಡವಳಿಗೆ ಅದನ್ನು ಸುರುಳಿ ಬಿಡಿಸುತ್ತಾ ತಿನ್ನಲು ಹೊತ್ತು ಬೇಕು. ಬಾಗಿಲ ಹಿಡಿಗೆ ಕೆಂಪು ದುಪಟ್ಟಾ ಕಟ್ಟಿದ್ದರೆ ಒಳಗೆ ಬರುವ ಹಾಗಿಲ್ಲ, ಹಸಿರು ಕಟ್ಟಿದ್ದರೆ ಬರಬಹುದು ಅನ್ನುವ ನಿಯಮವನ್ನು ಮೂರೂವರೆ ವರ್ಷದ ಮೇಲಿನವರು ಬೇಗ ಕಲಿಯುತ್ತಾರೆ. ಚಿಕ್ಕವರಿಗೆ ದುಪಟ್ಟಾವೇ ಆಟದ ಸಾಮಾನು, ಅವರಿಗೆ ಒಬ್ಬ ಮನುಷ್ಯರೇ ಬೇಕು. ಫೋನು ಕೊಟ್ಟು ಕೂರಿಸುವುದು ಕೊನೆಯ ಸ್ಪೇರ್ ಪಾರ್ಟು. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಲಹೆಯಲ್ಲಿ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ ಅಂತಿದೆ, 1 ವರ್ಷದವರಿಗೆ ಬೇಡವೇ ಬೇಡ. ಇರುವ ಒಂದು ಗಂಟೆಯನ್ನು ತಿಂಗಳ ರಿವ್ಯೂಗೆ ಅಂತ ಉಳಿಸಿಕೊಳ್ಳಿ.

ಮಗಳಿಗೆ ನಾವೊಂದು ಹಳೇ ಕೀಬೋರ್ಡು ಕೊಟ್ಟಿದ್ದೇವೆ. ಈಗ ಅವಳದ್ದೂ ಒಂದು ಆಫೀಸು. ಗೊಂಬೆಗಳನ್ನು ಸಾಲಾಗಿ ಕೂರಿಸಿ, "ಹಲೋ, ಕೇಳಿಸ್ತಿದ್ಯಾ? ನೀವು ಮ್ಯೂಟ್‌ನಲ್ಲಿದ್ದೀರಾ" ಅಂತಾಳೆ. ಕರಡಿಗೆ ಶುಕ್ರವಾರದೊಳಗೆ ರಿಪೋರ್ಟ್ ಬೇಕು ಅಂತ ಹೇಳಿ, ಅದು ಕೊಡದಿದ್ದಾಗ ಊಟ ಮಾಡಿಸಿ ಮಲಗಿಸುತ್ತಾಳೆ. ನಾನು ಕಂಡ ಮ್ಯಾನೇಜರ್‌ಗಳಲ್ಲಿ ಅವಳೇ ಉತ್ತಮ.

ಇನ್ನು ಬಾತ್‌ರೂಮಿನಿಂದ "ಅಮ್ಮಾ, ಆಯ್ತೂ, ತೊಳಿ ಬಾ!" ಅನ್ನುವ ಕೂಗು. ಇದಕ್ಕೆ ಮೈಕ್ ಮ್ಯೂಟ್ ಮಾಡುವುದೊಂದೇ ದಾರಿ. ಟೀಮ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಂ. ಝೂಮ್‌ನಲ್ಲಿ ಆಲ್ಟ್ ಮತ್ತು ಎ. ಬೆರಳಿಗೆ ಕಣ್ಣು ಮುಚ್ಚಿ ಸಿಗುವಷ್ಟು ಅಭ್ಯಾಸ ಮಾಡಿ. ಸಿಗದೆ ಹೋದರೂ ಪರವಾಗಿಲ್ಲ. ನನಗೆ ಹೀಗಾದಾಗ ಆ ಕಡೆಯಿಂದ ಒಬ್ಬರು ಹಿರಿಯರು, "ಹೋಗಿ ಬನ್ನಿ ಮೇಡಂ, ನಮ್ಮನೆಯಲ್ಲೂ ಇದೇ ಕೂಗು" ಅಂದರು. ಅಂಥವರ ಜೊತೆ ಕೆಲಸ ಮಾಡುವುದು ಪುಣ್ಯ.

ಲಕ್ಷಣ: ಹೆರಿಗೆ ರಜೆ ಮುಗಿದು ಕೆಲಸಕ್ಕೆ ಬಂದಿದ್ದೀರಿ, ಹಾಲಿನ ಲೆಕ್ಕ ಕೂಡುತ್ತಿಲ್ಲ

ಇಲ್ಲಿ ಮೊದಲು ನಿಮ್ಮ ಹಕ್ಕು ಪರೀಕ್ಷಿಸಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ಅಮ್ಮ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು. ಸಾಮಾಜಿಕ ಭದ್ರತಾ ಸಂಹಿತೆ 2020 ಕೂಡ ಇವನ್ನು ಉಳಿಸಿಕೊಂಡಿದೆ. ಎಚ್‌ಆರ್ ಹತ್ತಿರ ಕೇಳುವುದಕ್ಕೆ ಸಂಕೋಚ ಬೇಡ, ಹೊಸಬರಾಗಿದ್ದರೆ ಅವರಿಗೂ ಇದು ಗೊತ್ತಿರುವುದಿಲ್ಲ.

ಹಿಂಡಿ ತೆಗೆದ ಎದೆಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮೈಸೂರೂ 25 ಡಿಗ್ರಿಯಲ್ಲಿ ಇರುವುದಿಲ್ಲ, ಮಂಡ್ಯದವರಿಗಂತೂ ಹೇಳುವುದೇ ಬೇಡ. ಐಸ್ ಪ್ಯಾಕ್ ಇರುವ ಚೀಲ ಇಟ್ಟುಕೊಳ್ಳಿ, ಅದರಲ್ಲಿ 24 ಗಂಟೆವರೆಗೆ ಇಡಬಹುದು. ಬಿಸಿ ಮಾಡಲು ಮೈಕ್ರೋವೇವ್ ಬೇಡ, ಬಟ್ಟಲನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸಾಕು. ಆಫೀಸ್ ಫ್ರಿಜ್ಜಿನಲ್ಲಿ ಇಡುವಾಗ ಹೆಸರು ಬರೆದು ಚೀಲದೊಳಗೆ ಇಡಿ. ಯಾರಾದರೂ ಸಂಜೆ ಕಾಫಿಗೆ ಹುಡುಕುತ್ತಾ ಬರುತ್ತಾರೆ.

ಲಕ್ಷಣ: ಶಾಲೆಯಿಂದ, ಡೇಕೇರ್‌ನಿಂದ ಫೋನು ಬರುವುದು ನಿಮಗೇ

ಜ್ವರ ಬಂದರೂ ನಿಮಗೆ, ಕ್ರೇಯಾನ್ ಮೂಗಿಗೆ ಹೋದರೂ ನಿಮಗೆ. ಯಾಕೆ? ಅಡ್ಮಿಶನ್ ಫಾರ್ಮಿನಲ್ಲಿ ಮೊದಲ ನಂಬರು ಯಾರದ್ದು ನೋಡಿ. ನನ್ನ ಪ್ರಕಾರ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಸುಲಭದ ರಿಪೇರಿ ಇಲ್ಲ. ಹೋಗಿ ಅರ್ಜಿ ಕೊಟ್ಟು ಅಪ್ಪನ ನಂಬರನ್ನು ಮೊದಲಿಗೆ, ನಿಮ್ಮದನ್ನು ಎರಡನೆಯದಕ್ಕೆ, ಹತ್ತಿರದಲ್ಲಿರುವ ಒಬ್ಬರದ್ದನ್ನು ಮೂರನೆಯದಕ್ಕೆ ಹಾಕಿಸಿ. ಗ್ಯಾಸ್, ಸೊಸೈಟಿ, ಲಸಿಕೆಯ ನೆನಪೋಲೆ, ಎಲ್ಲದರಲ್ಲೂ ನಂಬರು ಯಾರದ್ದು ಅಂತ ಒಂದು ಸಂಜೆ ಕೂತು ಪಟ್ಟಿ ಮಾಡಿ.

ಆಮೇಲೆ ಒಂದು ಪರೀಕ್ಷೆ. ಒಂದು ಶನಿವಾರ ಬೆಳಿಗ್ಗೆ ಮೂರು ಗಂಟೆ ಹೊರಗೆ ಹೋಗಿ. ಕುಕ್ಕರಹಳ್ಳಿ ಕೆರೆ ಸುತ್ತಿ, ದೋಸೆ ತಿನ್ನಿ, ಒಬ್ಬರೇ ಕೂತು ಒಂದು ಪೇಪರ್ ಪೂರ್ತಿ ಓದಿ. ಮನೆಯವರಿಗೆ ಒಂದೇ ನಿಯಮ: ರಕ್ತ, ಬೆಂಕಿ, ಉಸಿರು, ಈ ಮೂರಕ್ಕೆ ಮಾತ್ರ ಫೋನು. ಟವೆಲ್ ಎಲ್ಲಿ ಅನ್ನುವುದಕ್ಕೆ ಇಲ್ಲ. ಯಾವ ವೈರು ಇನ್ನೂ ನಿಮ್ಮ ಕಡೆ ಬಂದಿದೆ ಅಂತ ವಾಪಸು ಬಂದಾಗ ಕಣ್ಣಿಗೆ ಕಾಣುತ್ತದೆ. ನಾನು ಬಂದಾಗ ಮಗಳು ಸ್ವೆಟರ್ ಹಾಕಿ, ತಲೆಗೆ ಅಪ್ಪನ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದಳು. ಮಗ ಬರೀ ಟೊಪ್ಪಿ ಹಾಕಿದ್ದ, ಬೇರೇನೂ ಹಾಕಿರಲಿಲ್ಲ. ತಿಂಡಿಗೆ ಮೊಸರನ್ನಕ್ಕೆ ಮದ್ದೂರು ವಡೆ ಪುಡಿ ಮಾಡಿ ಕಲಸಿ ಮೂರೂ ಜನ ಒಂದೇ ತಟ್ಟೆಯಲ್ಲಿ ತಿಂದಿದ್ದರು. ಎಲ್ಲರೂ ಖುಷಿಯಾಗಿದ್ದರು, ಹೊಟ್ಟೆ ತುಂಬಿತ್ತು. ಪರೀಕ್ಷೆ ಪಾಸು. ಬಟ್ಟೆಯ ಬಗ್ಗೆ ಒಂದು ಮಾತೂ ಆಡಬೇಡಿ, ಆಡಿದರೆ ಆ ವೈರು ಓಡಿ ವಾಪಸು ಬರುತ್ತದೆ.

ಜ್ವರದ ವಿಷಯ ಒಂದೆರಡು ಮಾತು, ಇಲ್ಲಿ ತಮಾಷೆ ಇಲ್ಲ. 3 ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ದಾಟಿದರೆ ಮೀಟಿಂಗ್ ಬಿಟ್ಟು ಹೊರಡಿ. ಯಾವ ವಯಸ್ಸಿನ ಮಗುವಿಗೇ ಆಗಲಿ, ಫಿಟ್ಸ್ ಬಂದರೆ, ಉಸಿರಾಡಲು ಕಷ್ಟಪಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ತುಂಬ ಹೊತ್ತಿನಿಂದ ಸುಸು ಮಾಡದಿದ್ದರೆ ಕಾಯಬೇಡಿ. ವಾಂತಿ ಭೇದಿಗೆ ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ನೀರಿಗೆ ಕಲಸಿ, ಅರ್ಧರ್ಧ ಅಂದಾಜಿನಲ್ಲಿ ಬೇಡ. ಡೇಕೇರ್‌ನಲ್ಲಿ ಹರಡುವ ಕೈ, ಕಾಲು, ಬಾಯಿಯ ಗುಳ್ಳೆ ರೋಗ ವೈರಸ್ಸಿನಿಂದ ಬರುವುದು, ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಇಳಿಯುತ್ತದೆ. ಅಷ್ಟು ದಿನದ ರಜೆಯನ್ನು ಅಪ್ಪ ಅಮ್ಮ ಇಬ್ಬರೂ ಹಂಚಿಕೊಳ್ಳಿ.

ಲಕ್ಷಣ: ಏನೂ ಕೆಟ್ಟಿಲ್ಲ, ಆದರೂ ಎದೆಯಲ್ಲಿ ಅಲಾರಂ ಹೊಡೆಯುತ್ತಿದೆ

"ಅಷ್ಟು ಚಿಕ್ಕ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗ್ತೀಯಾ?" ಅಂತ ಮದುವೆಮನೆಯಲ್ಲಿ ಯಾರೋ ಕೇಳುತ್ತಾರೆ. ಅಲಾರಂ ಶುರು. ಪರೀಕ್ಷೆ ಮಾಡುವುದು ಹೀಗೆ: ಮಗುವಿನ ಹೊಟ್ಟೆ ತುಂಬಿದೆಯಾ, ಜಾಗ ಸುರಕ್ಷಿತವಾ, ಪ್ರೀತಿಯಿಂದ ನೋಡಿಕೊಳ್ಳುವವರು ಇದ್ದಾರಾ? ಮೂರಕ್ಕೂ ಹೌದಾದರೆ ಅದು ಸುಳ್ಳು ಅಲಾರಂ.

ಮಂಡ್ಯ ಕಡೆಯ ನನ್ನ ಅಜ್ಜಿ ನಾಟಿಗೆ, ಕಬ್ಬು ಕಡಿಯಲು ಹೋಗುವಾಗ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ನೋಡಿಕೊಳ್ಳಲು ಏಳು ವರ್ಷದ ಅಕ್ಕ. ಆಗ ಯಾರೂ ಅವರನ್ನು ಈ ಪ್ರಶ್ನೆ ಕೇಳಲಿಲ್ಲ, ಹೊಲ ನಡೆಯಬೇಕಿತ್ತು. ನಮ್ಮ ಜಿಲ್ಲೆಯ ತಿ. ನರಸೀಪುರದಲ್ಲೇ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾಗಿ ಅಂಗನವಾಡಿಗಳು ಬಂದವು. ಈಗ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರಗಳಿವೆ. ಅಮ್ಮ ದುಡಿಯುವುದು, ಊರು ಮಗುವನ್ನು ನೋಡಿಕೊಳ್ಳುವುದು, ಎರಡೂ ಇಲ್ಲಿ ಹಳೆಯ ಸಂಗತಿ. ಮದುವೆಮನೆಯಲ್ಲಿ ಇಷ್ಟು ಉದ್ದ ಹೇಳಲು ಆಗದಿದ್ದರೆ, "ಹೌದು ಅತ್ತೆ, ಹೋಗ್ತೀನಿ" ಅಂತ ನಕ್ಕು ಹೋಳಿಗೆ ಬಡಿಸಿಕೊಳ್ಳಿ.

ನಿಜವಾದ ಅಲಾರಂ ಬೇರೆ ಇದೆ. ವಾರಗಟ್ಟಲೆ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬರದಿದ್ದರೆ, ಏನೂ ಬೇಡ ಅನಿಸುತ್ತಿದ್ದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಟೆಲಿಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರವೂ ಹೋಗಿ. ಇದು ಚಿಕಿತ್ಸೆಯಿಂದ ಸರಿಯಾಗುತ್ತದೆ.

ಲಕ್ಷಣ: ದಸರಾ ರಜೆ

ಮೈಸೂರಿನವರಿಗೆ ಮಾತ್ರ ಬರುವ ದೊಡ್ಡ ದೋಷ ಇದು. ಶಾಲೆಗೆ ವಾರಗಟ್ಟಲೆ ರಜೆ, ನಮಗೆ ಆಯುಧಪೂಜೆ ಮತ್ತು ವಿಜಯದಶಮಿ. ಜೊತೆಗೆ ದೀಪಾಲಂಕಾರ ನೋಡಲು ಬೇರೆ ಬೇರೆ ಊರಿನಿಂದ ನೆಂಟರು. ಮಕ್ಕಳಂತೂ ತಿಂಗಳ ಮೊದಲೇ ಆನೆಗಳ ತಾಲೀಮು ನೋಡಿ ಬಂದು ಕಾದಿರುತ್ತಾರೆ. ಚಿನ್ನದ ಅಂಬಾರಿ 750 ಕೆಜಿ ಅಂತ ಹೇಳಿದಾಗ ನನ್ನ ಮಗಳು ಕೇಳಿದ್ದು, "ಆನೆಗೆ ಭಾನುವಾರ ರಜೆ ಇದ್ಯಾ?"

ಪರಿಹಾರ ಆಗಸ್ಟಿನಲ್ಲೇ ಶುರುವಾಗಬೇಕು. ಗಂಡ ಹೆಂಡತಿ ಒಂದೇ ದಿನ ರಜೆ ಹಾಕಬೇಡಿ, ಬೇರೆ ಬೇರೆ ದಿನ ಹಾಕಿ. ಅಕ್ಕಪಕ್ಕದಲ್ಲಿ ಇದೇ ವಯಸ್ಸಿನ ಮಕ್ಕಳಿರುವ ಎರಡು ಮನೆ ಸೇರಿಸಿಕೊಂಡು ಸರದಿ ಹಾಕಿ, ಐದು ಮಕ್ಕಳು ಒಟ್ಟಿಗಿದ್ದರೆ ತಮ್ಮನ್ನು ತಾವೇ ಆಡಿಸಿಕೊಳ್ಳುತ್ತಾರೆ. ಮಂಡ್ಯದಿಂದ ಅಮ್ಮ ಬರುವುದಾದರೆ ಸಾದಾ ಅಥವಾ ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿ. ಬಂದ ನೆಂಟರಿಗೆ ಸಂಜೆಯ ದೀಪ ಇದ್ದೇ ಇದೆ, ಹಗಲು ಅವರನ್ನು ಮಕ್ಕಳ ಜೊತೆ ಮೃಗಾಲಯಕ್ಕೋ ಕಾರಂಜಿ ಕೆರೆಗೋ ಕಳಿಸಿ. ಎರಡೂ ಕಡೆ ಮಂಗಳವಾರ ವಾರದ ರಜೆ, ದಸರಾ ಹೊತ್ತಿನಲ್ಲಿ ಬದಲಾಗಬಹುದು, ವಿಚಾರಿಸಿಕೊಂಡು ಹೋಗಲಿ.

ಬೊಂಬೆ ಕೂರಿಸುವ ಮನೆಯಾದರೆ ಇನ್ನೊಂದು ಜಾಗ್ರತೆ. ಓಡಾಡುವ ಕೂಸಿಗೆ ಮೆಟ್ಟಿಲು ಕಂಡರೆ ಹತ್ತಲೇಬೇಕು. ನಮ್ಮ ಮಗ ದಶಾವತಾರದ ಸೆಟ್ಟಿನಿಂದ ಆಮೆಯನ್ನು ತೆಗೆದುಕೊಂಡು ಹೋಗಿ ಬಕೆಟ್ಟಿನಲ್ಲಿ ಬಿಟ್ಟಿದ್ದ, ಅದು ಮಣ್ಣಿನದು. ಪಟ್ಟದ ಗೊಂಬೆ ಮತ್ತು ಮಣ್ಣಿನ ಗೊಂಬೆಗಳನ್ನು ಮೇಲಿನ ಮೆಟ್ಟಿಲುಗಳಿಗೆ ಹಾಕಿ. ಕೆಳಗಿನ ಎರಡಕ್ಕೆ ಚನ್ನಪಟ್ಟಣದ ಮರದ ಗೊಂಬೆ ಮಾತ್ರ, ಬಿದ್ದರೂ ಒಡೆಯುವುದಿಲ್ಲ, ನೀರಿಗೆ ಹೋದರೆ ಒರೆಸಿ ಇಡಬಹುದು. ಆ ಎರಡು ಮೆಟ್ಟಿಲನ್ನು ದಿನಾ ಜೋಡಿಸುವ ಕೆಲಸ ಮಕ್ಕಳದ್ದೇ ಅಂತ ಹೇಳಿಬಿಡಿ. ನಮ್ಮಲ್ಲಿ ರಾಜನ ಪಕ್ಕ ಒಂದು ಟ್ರ್ಯಾಕ್ಟರ್ ಮತ್ತು ನನ್ನ ಆಫೀಸಿನ ಐಡಿ ಕಾರ್ಡು ಕೂತಿದ್ದವು. ಅರಿಶಿನ ಕುಂಕುಮಕ್ಕೆ ಬಂದವರು ಅದಕ್ಕೂ ಹೂವಿಟ್ಟು ಹೋದರು. ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವರು ಕಾರ್ಡು ನೋಡಿ, ಅದರ ಮೇಲಿದ್ದ ಕುಂಕುಮ ನೋಡಿ, ಕೈ ಮುಗಿದು ಒಳಗೆ ಬಿಟ್ಟರು.